ನಾಯಿಗೆ ಇಂಗ್ಲಿಷ್ ಕಲಿಸಿದವರು ಯಾರು?

ಮೊನ್ನೆ ಬೆಳಗ್ಗೆ ಎಂದಿನಂತೆ ವಾಯುವಿಹಾರಕ್ಕೆ ಹೊರಟಿದ್ದೆ. ಬನಶಂಕರಿ ಎರಡನೆಯ ಹಂತದ ನಮ್ಮ ಮನೆಯಿಂದ ಜಯನಗರದ ಕಡೆಗೆ ನಡೆದು, ಅಲ್ಲೊಂದು ಉದ್ಯಾನದ ಕಲ್ಲುಬೆಂಚಿನ ಮೇಲೆ ಹತ್ತು ನಿಮಿಷ ಕುಳಿತು ಹಿಂದಿರುಗುವುದು ನಿವೃತ್ತನಾದಂದಿನಿಂದ ನಾನು ಪಾಲಿಸಿಕೊಂಡು ಬಂದಿರುವ ವ್ರತ. ಮಂಡಿನೋವಿನ ದಿನಗಳಲ್ಲಿ ಮಾತ್ರ ವ್ರತಭಂಗವಾಗುತ್ತದೆ.

ಎದುರಿನ ಬೆಂಚಿನಲ್ಲಿ ನನ್ನ ವಯಸ್ಸಿನವರೇ ಆದ ದಂಪತಿಗಳು ಕುಳಿತಿದ್ದರು. ಈ ಸಲದ ಅವರೇಕಾಯಿಯಲ್ಲಿ ಸೊಗಡೇ ಇಲ್ಲವೆಂದು ಆಕೆ, ಸೊಗಡಿದ್ದರೂ ಈ ಬೆಲೆಗೆ ಕೊಂಡು ತಿನ್ನುವವರು ಯಾರೆಂದು ಆತ, ಅಚ್ಚ ಮೈಸೂರು ಸೀಮೆಯ ಕನ್ನಡದಲ್ಲಿ ಮಾತನಾಡಿಕೊಳ್ಳುತ್ತಿದ್ದರು. ಕೇಳಲು ಹಿತವಾಗಿತ್ತು. ಅವರ ಕಾಲ ಬಳಿ ಹೊಂಬಣ್ಣದ ದೊಡ್ಡ ನಾಯಿಯೊಂದು ಮಲಗಿತ್ತು. ಅದು ಎದ್ದು ಪಕ್ಕದ ಪೊದೆಯನ್ನು ಮೂಸಲು ಹೋದದ್ದೇ ತಡ, ಅವರೇಕಾಯಿಯ ಆ ತಾಯಿ ಒಮ್ಮೆಗೇ ಬೇರೆಯ ದೇಶದವರಾದರು. “ನೋ ಬೇಬಿ! ಡೋಂಟ್ ಡು ದಟ್! ಕಮ್ ಟು ಮಮ್ಮಾ!” ನಾಯಿ ಬಂದಿತು, ಮುತ್ತು ಪಡೆಯಿತು. ಅಷ್ಟರಲ್ಲಿ ಪೌರಕಾರ್ಮಿಕ ಹೆಣ್ಣುಮಗಳೊಬ್ಬಳು ತರಗೆಲೆಗಳನ್ನು ಗುಡಿಸುತ್ತಾ ಆ ಕಡೆಗೆ ಬಂದಳು. ಅದೇ ಬಾಯಿ ಮತ್ತೆ ಕನ್ನಡಕ್ಕೆ ತಿರುಗಿತು: “ಏಯ್, ಧೂಳೆಬ್ಬಿಸಬೇಡ, ಅದಕ್ಕೆ ಅಲರ್ಜಿ ಇದೆ, ಆ ಕಡೆ ಹೋಗು.”

ಗಂಡನಿಗೆ ಕನ್ನಡ, ನಾಯಿಗೆ ಇಂಗ್ಲಿಷ್, ಗುಡಿಸುವವಳಿಗೆ ಮತ್ತೆ ಕನ್ನಡ. ಆದರೆ ಮೊದಲನೆಯ ಕನ್ನಡವೂ ಕೊನೆಯ ಕನ್ನಡವೂ ಒಂದೇ ಅಲ್ಲವೆಂಬುದು ಕಿವಿಯುಳ್ಳ ಯಾರಿಗಾದರೂ ತಿಳಿಯುವಂತಿತ್ತು. ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯ ಮಕ್ಕಳಿಗೆ ಕನ್ನಡ ಬೋಧಿಸಿದವನು ನಾನು. ಆ ಬೆಂಚಿನಿಂದ ಎದ್ದಾಗ ನನಗೆ ಬಂದಿದ್ದ ಕೋಪ ಇನ್ನೂ ಪೂರ್ತಿ ಇಳಿದಿಲ್ಲ. ಇಳಿಯುವ ಮುನ್ನವೇ ಬರೆದುಬಿಡೋಣವೆಂದು ಕುಳಿತಿದ್ದೇನೆ.

ನನ್ನ ವಾದವಿಷ್ಟೇ: ಕನ್ನಡದ ಮನೆಯಲ್ಲಿ ಸಾಕಿದ ನಾಯಿಯೊಡನೆ ಕನ್ನಡದಲ್ಲಿಯೇ ಮಾತನಾಡಬೇಕು.

ನಗುವವರು ನಕ್ಕುಬಿಡಲಿ. ಮನೆಯವರೂ ನಕ್ಕರು. ಕನ್ನಡಕ್ಕೆ ಬಂದಿರುವ ಸಂಕಟಗಳು ಅಷ್ಟಿರುವಾಗ ಈ ಮೇಷ್ಟ್ರು ನಾಯಿಯ ಬಾಲ ಹಿಡಿದು ಹೊರಟಿದ್ದಾರೆ ಎಂದು ನನ್ನ ಹಳೆಯ ಸಹೋದ್ಯೋಗಿಯೊಬ್ಬರು ದೂರವಾಣಿಯಲ್ಲಿ ಛೇಡಿಸಿದರು. ಅವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. 1982ರ ಗೋಕಾಕ್ ಚಳವಳಿಯ ಹೊತ್ತಿಗೆ ನಾವಿಬ್ಬರೂ ಬಿ.ಎಡ್. ವಿದ್ಯಾರ್ಥಿಗಳು; ಡಾ. ರಾಜ್‌ಕುಮಾರ್ ಬೀದಿಗಿಳಿದಾಗ ನಾವೂ ಮೆರವಣಿಗೆಯ ಬಾಲದಲ್ಲಿದ್ದವರು. 1994ರಲ್ಲಿ ಸರಕಾರ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ವಿಧಿಸಿದಾಗ ಸಂತೋಷಪಟ್ಟವರು. ಇಪ್ಪತ್ತು ವರ್ಷಗಳ ವ್ಯಾಜ್ಯದ ಬಳಿಕ 2014ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಮಾಧ್ಯಮದ ಆಯ್ಕೆ ಪೋಷಕರದು, ಸರಕಾರ ಅದನ್ನು ಹೇರುವಂತಿಲ್ಲವೆಂದು ತೀರ್ಪಿತ್ತಾಗ ಸಿಬ್ಬಂದಿ ಕೋಣೆಯಲ್ಲಿ ಮಾತಿಲ್ಲದೆ ಚಹಾ ಕುಡಿದವರು. ಇವೆಲ್ಲ ನಾಯಿಗಿಂತ ದೊಡ್ಡ ವಿಷಯಗಳೇ, ನಿಜ.

ಆದರೆ ಸ್ವಲ್ಪ ಯೋಚಿಸಿ ನೋಡಿ. ಮಗುವಿನೊಡನೆ ಇಂಗ್ಲಿಷ್ ಆಡುವ ತಾಯ್ತಂದೆಯರನ್ನು ನಾನು ನೂರಾರು ಬಾರಿ ಕೇಳಿದ್ದೇನೆ, ಏಕೆ ಹೀಗೆ ಎಂದು. ಪ್ರತಿಯೊಬ್ಬರಿಗೂ ಒಂದು ಸಮರ್ಥನೆಯಿತ್ತು. ಮುಂದೆ ಸಿಇಟಿ ಬರೆಯಬೇಕು ಸಾರ್. ಕಂಪೆನಿಗಳ ಸಂದರ್ಶನದಲ್ಲಿ ತೊದಲಬಾರದು ಸಾರ್. ನಾಳೆ ಅಮೆರಿಕಕ್ಕೆ ಹೋದರೆ? ಆ ಸಮರ್ಥನೆಗಳನ್ನು ನಾನು ಒಪ್ಪದಿದ್ದರೂ ಅವುಗಳ ಹಿಂದಿದ್ದ ಭಯವನ್ನು ಗೌರವಿಸುತ್ತಿದ್ದೆ. ಹೊಟ್ಟೆಪಾಡಿನ ಭಯವನ್ನು ಹಳಿಯಲು ನಾನು ಯಾರು?

ನಾಯಿಗೆ ಸಿಇಟಿ ಇಲ್ಲ. ಸಂದರ್ಶನವಿಲ್ಲ, ವೀಸಾ ಇಲ್ಲ, ಬಡ್ತಿಯಿಲ್ಲ. ನಾಯಿಯೊಡನೆ ಯಾವ ಭಾಷೆಯಲ್ಲಿ ಮಾತನಾಡಬೇಕೆಂದು ಯಾವ ಶಿಕ್ಷಣ ಇಲಾಖೆಯೂ ಸುತ್ತೋಲೆ ಹೊರಡಿಸಿಲ್ಲ, ಯಾವ ನ್ಯಾಯಾಲಯವೂ ತೀರ್ಪು ಕೊಟ್ಟಿಲ್ಲ. ಅಲ್ಲಿ ನಾವು ಸಂಪೂರ್ಣ ಸ್ವತಂತ್ರರು. ಯಾರ ಒತ್ತಾಯವೂ ಇಲ್ಲದ, ಯಾವ ಲಾಭವೂ ಇಲ್ಲದ ಆ ಒಂದು ಜಾಗದಲ್ಲಿಯೂ ನಾವು ಇಂಗ್ಲಿಷನ್ನೇ ಆರಿಸಿಕೊಂಡೆವೆಂದರೆ, ಮಕ್ಕಳ ವಿಷಯದಲ್ಲಿ ನಾವು ಕೊಟ್ಟ ಕಾರಣಗಳೆಲ್ಲ ಕಾರಣಗಳಾಗಿದ್ದವೇ, ನೆಪಗಳಾಗಿದ್ದವೇ? ನಾಯಿ ನಮ್ಮ ಗುಟ್ಟನ್ನು ಬಯಲು ಮಾಡಿದೆ. ಅದಕ್ಕಾಗಿಯೇ ನಾನು ಅದರ ಬಾಲ ಹಿಡಿದಿರುವುದು.

ನಾಯಿಗೆ ಇಂಗ್ಲಿಷೇ ಏಕೆಂದು ಕೇಳಿದರೆ ಸಿಗುವ ಉತ್ತರಗಳು ಸ್ವಾರಸ್ಯಕರವಾಗಿವೆ. ಮೊದಲನೆಯದು, ತರಬೇತುದಾರ ಹೇಳಿದ್ದಾನೆ ಎಂಬುದು. ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಲ್ಲಿ ಮನೆಗೇ ಬಂದು ನಾಯಿಗೆ ಪಾಠ ಹೇಳುವ ಶಿಕ್ಷಕರಿದ್ದಾರೆ. (ಅವರ ಗಂಟೆಯ ಸಂಭಾವನೆಯನ್ನು ಕೇಳಿ ನಾನು ಬಿ.ಎಡ್. ಮಾಡಿದ್ದು ತಪ್ಪಾಯಿತೇನೋ ಎಂದುಕೊಂಡೆ.) ಆಜ್ಞೆಗಳು ಚಿಕ್ಕದಾಗಿ ಚುರುಕಾಗಿ ಇರಬೇಕು, ಇಂಗ್ಲಿಷಿನಲ್ಲಿ ಹಾಗಿವೆ, ಕನ್ನಡದಲ್ಲಿ ಉದ್ದವಾಗುತ್ತವೆ ಎಂಬುದು ಅವರ ವಾದವಂತೆ. ಇದನ್ನು ಕೇಳಿದಾಗ ನನ್ನೊಳಗಿನ ವ್ಯಾಕರಣದ ಮೇಷ್ಟ್ರು ಎದ್ದು ಕುಳಿತ. ಕನ್ನಡದಲ್ಲಿ ಎದುರಿಗಿರುವ ಒಬ್ಬನಿಗೆ ಆಜ್ಞೆ ಮಾಡಲು ಧಾತುವಿಗೆ ಯಾವ ಪ್ರತ್ಯಯವನ್ನೂ ಹಚ್ಚಬೇಕಾಗಿಲ್ಲ, ಧಾತುವೇ ಆಜ್ಞೆ. ನಿಲ್ಲು, ಇರು, ಏಳು, ಬಿಡು, ಕೂರು, ಹೋಗು. ಬರು, ತರು ಎಂಬ ಎರಡು ಧಾತುಗಳಂತೂ ಆಜ್ಞೆಯಲ್ಲಿ ಇನ್ನೂ ಕುಗ್ಗಿ ‘ಬಾ’, ‘ತಾ’ ಎಂದು ಒಂದೊಂದೇ ಅಕ್ಷರವಾಗಿ ನಿಲ್ಲುತ್ತವೆ. ಎಸೆದ ಚೆಂಡನ್ನು ತರಿಸಲು ‘ಫೆಚ್’ ಎಂದು ಹಲ್ಲಿನ ಸಂದಿಯಲ್ಲಿ ಗಾಳಿ ಊದುವುದಕ್ಕಿಂತ ‘ತಾ’ ಎಂದು ಬಾಯ್ತುಂಬ ಹೇಳುವುದು ಉದ್ದವೇ? ಕೇಶಿರಾಜ ಹದಿಮೂರನೆಯ ಶತಮಾನದಲ್ಲಿಯೇ ಧಾತುಪ್ರಕರಣ ಬರೆದಿಟ್ಟು ಹೋಗಿದ್ದಾನೆ. ನಾಯಿಗಾಗಿ ಬರೆದನೆಂದಲ್ಲ, ನಾಯಿಗೂ ಒದಗುತ್ತದೆಯೆಂದು ಹೇಳಿದೆ.

ಇನ್ನು ಆ ‘ಸಿಟ್’ ಎಂಬ ಪದದ ಪಾಡನ್ನು ನೋಡಿರಿ. ನಮ್ಮ ನಾಲಗೆ ವ್ಯಂಜನಾಂತ ಪದವನ್ನು ಸಹಿಸುವುದಿಲ್ಲ, ಕೊನೆಗೊಂದು ಉಕಾರ ಸೇರಿಸಿಯೇ ತೀರುತ್ತದೆ. ಬಸ್ಸು, ಕಾರು, ಬ್ಯಾಂಕು ಹುಟ್ಟಿದ್ದೇ ಹಾಗೆ. ನಮ್ಮ ಬೀದಿಯ ಕೊನೆಯ ಮನೆಯ ವೃದ್ಧೆಯೊಬ್ಬರು, ಮಗ ಸೊಸೆ ಕೆಲಸಕ್ಕೆ ಹೋದ ಬಳಿಕ ನಾಯಿಯನ್ನು ಹೊರಗೆ ಕರೆತರುವವರು, ಅದು ಹಗ್ಗ ಜಗ್ಗಿದಾಗಲೆಲ್ಲ “ಸಿಟ್ಟು! ಸಿಟ್ಟು!” ಎಂದು ಕೂಗುತ್ತಾರೆ. ಯಾರಿಗೆ ಸಿಟ್ಟು, ಯಾರ ಮೇಲೆ ಸಿಟ್ಟು? ಎಂಬತ್ತರ ಆ ತಾಯಿ ನಾಯಿಯೊಡನೆ ಮಾತನಾಡಲು ತಮ್ಮ ಭಾಷೆ ಯೋಗ್ಯವಲ್ಲವೆಂದು ತಾವೇ ತೀರ್ಮಾನಿಸಿಕೊಂಡು, ಬಾರದ ಭಾಷೆಯ ಮೂರು ಪದಗಳನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ. ನಗು ಬರುತ್ತದೆ, ಬಳಿಕ ಬರುವುದು ನಗುವಲ್ಲ.

ಎರಡನೆಯ ಉತ್ತರ, ಇವು ವಿದೇಶಿ ತಳಿಗಳು, ಅವಕ್ಕೆ ಕನ್ನಡ ತಿಳಿಯುವುದಿಲ್ಲ ಎಂಬುದು. ಇದಕ್ಕೆ ಉತ್ತರ ಕೊಡಲು ನನಗೆ ಹಂಗೇರಿಯ ವಿಜ್ಞಾನಿಗಳ ನೆರವು ದೊರೆತಿದೆ. ಲಾರಾ ಕ್ವಾಯಾ ಎಂಬ ಸಂಶೋಧಕಿ ಮೆಕ್ಸಿಕೋದಿಂದ ಬುಡಾಪೆಸ್ಟ್ ನಗರಕ್ಕೆ ಹೋಗುವಾಗ ತಮ್ಮ ನಾಯಿ ಕುನ್‌ಕುನ್‌ನನ್ನೂ ಕರೆದೊಯ್ದರು. ಅದುವರೆಗೆ ಸ್ಪ್ಯಾನಿಷ್ ಮಾತ್ರ ಕೇಳಿದ್ದ ನಾಯಿಗೆ ಸುತ್ತಲಿನವರು ಬೇರೆ ಭಾಷೆ ಆಡುತ್ತಿರುವುದು ತಿಳಿಯುತ್ತದೆಯೇ ಎಂಬ ಕುತೂಹಲ ಅವರಿಗೆ. ಹದಿನೆಂಟು ನಾಯಿಗಳಿಗೆ ಮಿದುಳಿನ ಚಿತ್ರ ತೆಗೆಯುವ ಯಂತ್ರದೊಳಗೆ ಅಲುಗದೆ ಮಲಗುವುದನ್ನು ಕಲಿಸಿ (ನನ್ನ ಒಂಬತ್ತನೆಯ ತರಗತಿಯ ‘ಬಿ’ ವಿಭಾಗಕ್ಕೆ ಇದನ್ನು ಕಲಿಸಲು ನನ್ನಿಂದಾಗಲಿಲ್ಲ), ‘ಪುಟ್ಟ ರಾಜಕುಮಾರ’ ಎಂಬ ಪ್ರಸಿದ್ಧ ಫ್ರೆಂಚ್ ಕಥೆಯ ಭಾಗಗಳನ್ನು ಸ್ಪ್ಯಾನಿಷಿನಲ್ಲಿಯೂ ಹಂಗೇರಿಯನ್ನಿನಲ್ಲಿಯೂ ಕೇಳಿಸಿದರು. ಪರಿಚಿತ ಭಾಷೆಗೂ ಅಪರಿಚಿತ ಭಾಷೆಗೂ ನಾಯಿಯ ಮಿದುಳು ಬೇರೆ ಬೇರೆಯಾಗಿ ಸ್ಪಂದಿಸಿತು. ವಯಸ್ಸಾದ ನಾಯಿಗಳಲ್ಲಿ ಆ ಭೇದ ಇನ್ನೂ ಸ್ಪಷ್ಟವಾಗಿತ್ತು. ಈ ಸಂಶೋಧನೆ ಪ್ರಕಟವಾದದ್ದು 2021ರ ಕೊನೆ, 2022ರ ಆರಂಭದ ವೇಳೆಗೆ. ನಾಯಿ ತಾನು ಬೆಳೆದ ಮನೆಯ ಭಾಷೆಯನ್ನು ಗುರುತಿಸುತ್ತದೆಯೇ ಹೊರತು ತಳಿಯ ಭಾಷೆಯನ್ನಲ್ಲ. ಹೊರಮಾವಿನಲ್ಲೋ ಹೊಸೂರಿನಲ್ಲೋ ಹುಟ್ಟಿದ ಲ್ಯಾಬ್ರಡಾರ್ ಮರಿ ಇಂಗ್ಲಿಷನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಂದಿರುವುದಿಲ್ಲ.

ವಿದೇಶಿ ತಳಿಯ ಮಾತು ಅತ್ತ ಇರಲಿ. ನಮ್ಮದೇ ಮುಧೋಳದ ಬೇಟೆನಾಯಿಯ ಗತಿಯೇನಾಗಿದೆ? ಬಾಗಲಕೋಟೆ ಸೀಮೆಯ ಹೊಲಗಳಲ್ಲಿ ತಲೆಮಾರುಗಳಿಂದ ಮೊಲದ ಹಿಂದೆ ಓಡಿದ ನಾಯಿ ಅದು. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿ ಹೊರತಂದಿತು, 2016ರಲ್ಲಿ ಸೇನೆಯವರು ಅದರ ಮರಿಗಳನ್ನು ಮೀರತ್ತಿಗೆ ತರಬೇತಿಗಾಗಿ ಒಯ್ದರು. ಸೈನ್ಯದಲ್ಲಿ ಬೇರೆ ಭಾಷೆ ಕಲಿಯಬೇಕಾಗುವುದು ಸಹಜ, ನಮ್ಮ ಹುಡುಗರೂ ಕಲಿಯುತ್ತಾರೆ. ಆದರೆ ಜೆ.ಪಿ. ನಗರದ ಪರಿಚಿತರೊಬ್ಬರು ಅಭಿಮಾನದಿಂದ ತರಿಸಿಕೊಂಡ ಮುಧೋಳದ ಮರಿಗೂ ‘ಸ್ಟೇ’, ‘ಡೌನ್’, ‘ಗುಡ್ ಬಾಯ್’ಗಳೇ ಗತಿಯಾದವು. ಆ ಮರಿಯ ತಾಯಿ “ಬಾರಲೇ” ಎಂದರೆ ಮೂರು ಹೊಲದಾಚೆಯಿಂದ ಓಡಿಬರುತ್ತಿದ್ದಿರಬೇಕು. ದೇಶಿ ತಳಿ ಬೇಕು, ದೇಶಿ ಭಾಷೆ ಬೇಡ!

ಹೆಸರಿನ ಬಗ್ಗೆ ನನ್ನ ತಕರಾರಿಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಹಾಸನ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ, 1960ರ ದಶಕದಲ್ಲಿ, ಕರಿಯ, ಕೆಂಚ ಎಂಬ ನಾಯಿಗಳ ಜೊತೆಗೆ ಟೈಗರು, ಟಾಮಿ ಎಂಬವೂ ಇದ್ದವು. ಬ್ರಿಟಿಷರನ್ನು ಕಣ್ಣಿನಿಂದ ಕಂಡಿರದ ರೈತರೂ ನಾಯಿಗೆ ದೊರೆಗಳ ಹೆಸರಿಟ್ಟಿದ್ದರು, ಬಹುಶಃ ಸೇಡು ತೀರಿಸಿಕೊಳ್ಳಲೆಂದೇ. ಆದರೆ ಹೆಸರು ಟೈಗರಾದರೂ ಕರೆಯುತ್ತಿದ್ದುದು “ಟೈಗ್ರಾ, ಬಾರ್ಲಾ ಇಲ್ಲಿ” ಎಂದು. ಹೆಸರು ನೆಂಟನಾಗಿ ಬಂದು ಮನೆಯ ಮಗನಾಗಿಬಿಡುತ್ತಿತ್ತು. ಈಗ ನೋಡಿದರೆ ‘ಚಿನ್ನು’ ಎಂಬ ಹೆಸರಿನ ನಾಯಿಗೂ “ಚಿನ್ನು, ಕಮ್ ಹಿಯರ್”.

ಮೂರನೆಯ ಉತ್ತರವೊಂದಿದೆ. ಅದನ್ನು ಕೊಟ್ಟವಳು ನನ್ನ ಹಳೆಯ ವಿದ್ಯಾರ್ಥಿನಿ, ಈಗ ಬಿ.ಟಿ.ಎಂ. ಬಡಾವಣೆಯಲ್ಲಿ ಬೀದಿನಾಯಿಗಳಿಗೆ ರಾತ್ರಿ ಅನ್ನ ಹಾಕುವವಳು, ತರಗತಿಯಲ್ಲಿ ಎಂದೂ ನನ್ನ ಮಾತನ್ನು ಸುಲಭವಾಗಿ ಒಪ್ಪದಿದ್ದವಳು. ಅವಳೆಂದಳು: “ಸಾರ್, ಕನ್ನಡ ಎಂದಾದರೂ ನಾಯಿಯನ್ನು ಪ್ರೀತಿಸಿದೆಯೇ? ನಾಯಿ ಎಂಬುದು ನಿಮ್ಮ ಭಾಷೆಯಲ್ಲಿ ಬೈಗುಳ. ಗಾದೆಗಳನ್ನೆಲ್ಲ ತೆಗೆದು ನೋಡಿ, ನಾಯಿ ಬಾಲ ಡೊಂಕು, ಆನೆ ಹೋದರೆ ನಾಯಿ ಬೊಗಳುತ್ತದೆ, ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತು. ನನ್ನಜ್ಜಿ ನಾಯಿಗೆ ಆಡುತ್ತಿದ್ದ ಒಂದೇ ಕನ್ನಡ ಪದ ‘ಹಚಾ’. ನಾಯಿಯನ್ನು ಹೊಸ್ತಿಲಿನಿಂದ ಒಳಗೆ ತಂದವರು ಇಂಗ್ಲಿಷಿನವರು. ಅದಕ್ಕೇ ಒಳಗಿನ ಭಾಷೆ ಇಂಗ್ಲಿಷಾಯಿತು.”

ಈ ಮಾತು ನನ್ನನ್ನು ಎರಡು ದಿನ ಕಾಡಿತು. ಇದರಲ್ಲಿ ಅರ್ಧ ಸತ್ಯವಿದೆ, ಅದನ್ನು ಮುಚ್ಚಿಡಲಾರೆ. ನಮ್ಮ ಮನೆಯಲ್ಲಿಯೂ ನಾಯಿಗೆ ಜಗುಲಿಯಿಂದಾಚೆಗಷ್ಟೇ ಜಾಗವಿದ್ದದ್ದು. ಆದರೆ ಉಳಿದರ್ಧ?

1984ರಲ್ಲಿ ನನಗೆ ಮೊದಲ ನೇಮಕವಾದದ್ದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಗೆ. ಅಲ್ಲಿಂದ ಒಂದು ಭಾನುವಾರ ಸೈಕಲ್ ತುಳಿದುಕೊಂಡು ಆತಕೂರಿಗೆ ಹೋಗಿದ್ದೆ. ಎಂ.ಎ.ಗೆ ಖಾಸಗಿಯಾಗಿ ಓದುತ್ತಿದ್ದ ಕಾಲ. ಶಾಸನಗಳ ಪತ್ರಿಕೆಯಲ್ಲಿ ಆತಕೂರಿನ ಶಾಸನ ಇತ್ತು. ಕಲ್ಲು ಅಲ್ಲಿರಲಿಲ್ಲ, ಅದನ್ನು ಬಹಳ ಹಿಂದೆಯೇ ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದ್ದರು. ಸಂಶೋಧಕನ ಹುಮ್ಮಸ್ಸಿನಲ್ಲಿ ಹೋದವನು ಒಬ್ಬ ಮುದುಕರು ಕೊಟ್ಟ ಎಳನೀರು ಕುಡಿದು ಹಿಂದಿರುಗಿದೆ. ಮುಂದೆ ಕಸ್ತೂರ ಬಾ ರಸ್ತೆಯ ಆ ಕೆಂಪು ಕಟ್ಟಡದಲ್ಲಿ ಅದನ್ನು ಕಂಡಾಗ ಹಳೆಯ ಬಂಧುವನ್ನು ಕಂಡಂತಾಯಿತು.

ಅದರಲ್ಲಿರುವ ಕಥೆ ಇದು. ಶಕವರ್ಷ 872, ಅಂದರೆ ಕ್ರಿ.ಶ. 949-50ರ ಸುಮಾರು. ರಾಷ್ಟ್ರಕೂಟರ ಮೂರನೆಯ ಕೃಷ್ಣನು ತಕ್ಕೋಲದ ಕಾಳಗದಲ್ಲಿ ಚೋಳರನ್ನು ಸೋಲಿಸಿದ. ಚೋಳ ರಾಜಾದಿತ್ಯನನ್ನು ಕೊಂದವನು ಕೃಷ್ಣನ ಪರವಾಗಿ ಹೋರಾಡಿದ ಗಂಗರ ಬೂತುಗ. ಬೂತುಗನ ಕಡೆಯ ವೀರ ಮಣಲೇರ. ಅವನ ಶೌರ್ಯಕ್ಕೆ ಮೆಚ್ಚಿ ಬೂತುಗ, ಬೇಕಾದುದನ್ನು ಕೇಳು ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೇರ ಕೇಳಿದ್ದು ಬೂತುಗನ ನಾಯಿಯನ್ನು, ಕಾಳಿ ಎಂಬ ಹೆಸರಿನ ನಾಯಿಯನ್ನು. ಬಳಿಕ ಬೇಟೆಯಲ್ಲಿ ದೊಡ್ಡದೊಂದು ಹಂದಿಯ ಮೇಲೆ ಕಾಳಿಯನ್ನು ಬಿಟ್ಟಾಗ ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲು ನೆಡಿಸಿದ, ಅದರ ಪೂಜೆಗೆ ಭೂಮಿ ಬಿಟ್ಟ. ಆ ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣುವ ಗೊರವನಿಗೆ ನಾಯಿಯ ಪಾಪ ತಟ್ಟಲೆಂದೂ ಬರೆಸಿದ. ಕಲ್ಲಿನ ನೆತ್ತಿಯ ಮೇಲೆ ನಾಯಿಯೂ ಹಂದಿಯೂ ಸೆಣಸುವ ಚಿತ್ರವಿದೆ. ಒಂದು ಸಾಮ್ರಾಜ್ಯದ ಯುದ್ಧವೃತ್ತಾಂತವನ್ನು ನಾಯಿಯೊಂದರ ಸಾವಿನ ನೆಪದಲ್ಲಿ ನಮಗೆ ಉಳಿಸಿಕೊಟ್ಟ ಶಾಸನ ಅದು, ಮತ್ತು ಅದರ ಭಾಷೆ ಕನ್ನಡ. ಕಾಳಿಯನ್ನು ಹಂದಿಯ ಮೇಲೆ ಬಿಟ್ಟ ಮಣಲೇರ ‘ಅಟ್ಯಾಕ್’ ಎಂದಿರಲಾರ. ನಮ್ಮ ಕಡೆಯ ‘ಛೂ’ವಿನ ಅಜ್ಜನೊಂದು ಅವನ ಬಾಯಿಂದ ಹೊರಟಿದ್ದಿರಬೇಕು.

ಇದನ್ನು ವಿದ್ಯಾರ್ಥಿನಿಗೆ ಹೇಳಿದೆ. “ಅದು ರಾಜರ ಕಥೆ ಸಾರ್” ಎಂದಳು. ಸರಿ, ಆಳಿನ ಕಥೆಯನ್ನೇ ತೆಗೆದುಕೊಳ್ಳೋಣ. 1967ರಲ್ಲಿ ಬಂದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಗುತ್ತಿಯ ನಾಯಿ ಹುಲಿಯ ಇದೆ. ಗುತ್ತಿ ಜೀತದಾಳು, ಕೆಳಜಾತಿಯವನು, ಊರಿನವರ ಬಾಯಲ್ಲಿ ‘ನಾಯಿಗುತ್ತಿ’. ಆ ಕಾದಂಬರಿಯ ಕಾಡುದಾರಿಗಳಲ್ಲಿ ಮನುಷ್ಯನೂ ನಾಯಿಯೂ ಜೊತೆಜೊತೆಯಾಗಿ ನಡೆಯುವುದನ್ನು ಓದಿದವರಿಗೆ, ಕೊನೆಗೆ ತುಂಗೆಯ ನೆರೆಯಲ್ಲಿ ಹುಲಿಯ ಇಲ್ಲವಾಗುವುದನ್ನು ಓದಿದವರಿಗೆ, ಕನ್ನಡಕ್ಕೆ ನಾಯಿಯನ್ನು ಪ್ರೀತಿಸಲು ಬಾರದೆಂದು ಹೇಳಲು ನಾಲಗೆ ಏಳಲಾರದು. ನಾನು ಮೊದಲ ಬಾರಿ ಓದಿದಾಗ ಬಾಡಿಗೆ ಕೋಣೆಯ ಸೀಮೆಎಣ್ಣೆ ದೀಪದ ಮುಂದೆ ಅತ್ತಿದ್ದೆ. ಅವರ ಮಗ ತೇಜಸ್ವಿಯವರ ‘ಕರ್ವಾಲೊ’, ‘ಪರಿಸರದ ಕತೆ’ಗಳಲ್ಲಿ ಕಿವಿ ಎಂಬ ನಾಯಿ ಬರುತ್ತದೆ. ಎಂಥ ಹೆಸರು ನೋಡಿ, ಕಿವಿ! ಮೂಡಿಗೆರೆಯ ತೋಟದ ನಾಯಿಗೆ ಎರಡೇ ಅಕ್ಷರದ ಕನ್ನಡದ ಹೆಸರು ಎಷ್ಟು ಸಹಜವಾಗಿ ಒಪ್ಪಿತು.

ಹಿಂದಕ್ಕೇ ಹೋಗುವುದಾದರೆ ವ್ಯಾಸಭಾರತದ ಆದಿಯಲ್ಲಿಯೇ ನಾಯಿಯಿದೆ. ಜನಮೇಜಯನ ಯಾಗಶಾಲೆಯಲ್ಲಿ ಏನೂ ತಪ್ಪು ಮಾಡದ ನಾಯಿಮರಿಯನ್ನು ಅವನ ತಮ್ಮಂದಿರು ಹೊಡೆದರು, ಅದರ ತಾಯಿ ಸರಮೆ ಬಂದು ನ್ಯಾಯ ಕೇಳಿದಳು, ಉತ್ತರ ಸಿಗದೆ ಶಾಪವಿತ್ತಳು. ಅಂತ್ಯದಲ್ಲಿಯೂ ನಾಯಿಯಿದೆ, ಧರ್ಮರಾಯನ ಬೆನ್ನು ಹತ್ತಿ. ಕುಮಾರವ್ಯಾಸ ಗದಾಪರ್ವಕ್ಕೇ ನಿಲ್ಲಿಸಿದ್ದರಿಂದ ಆ ಕೊನೆಯ ನಾಯಿಯನ್ನು ಅವನ ಕನ್ನಡದಲ್ಲಿ ಕೇಳುವ ಭಾಗ್ಯ ನಮಗಿಲ್ಲ. ಇದು ನನ್ನ ಹಳೆಯ ಕೊರಗುಗಳಲ್ಲಿ ಒಂದು. ಜನರ ಕಡೆಗೆ ಬಂದರೆ, ಮೈಲಾರಲಿಂಗನ ಒಕ್ಕಲಿನ ಗೊರವರು ದೇವರ ಮುಂದೆ ತಾವೇ ನಾಯಿಗಳಾಗಿ ಬೊಗಳುತ್ತಾರೆ. ನಾಯಿಯಾಗುವುದನ್ನೇ ಭಕ್ತಿಯೆಂದು ಬಗೆದ ಕನ್ನಡಿಗರೂ ಇದ್ದಾರೆ. ‘ಹಚಾ’ ಒಂದೇ ನಮ್ಮ ನಿಘಂಟಲ್ಲ. ಮರಿಯನ್ನು ಕರೆಯಲು ನನ್ನ ತಾಯಿ ತುಟಿ ಮುಂದೆ ಮಾಡಿ “ಕುರೂ ಕುರೂ” ಎನ್ನುತ್ತಿದ್ದುದು ಈಗಲೂ ನನ್ನ ಕಿವಿಯಲ್ಲಿದೆ.

ಇಷ್ಟು ಹೊತ್ತು ಬೇರೆಯವರನ್ನು ಬೈದದ್ದಾಯಿತು. ಈಗ ನನ್ನ ಮನೆಯ ಬಾಗಿಲನ್ನೂ ತೆರೆಯಬೇಕು.

ಕನ್ನಡ ಬೋಧಿಸಿ ಸಂಬಳ ಎಣಿಸಿಕೊಂಡ ನಾನು ನನ್ನ ಮಗನನ್ನು ಸೇರಿಸಿದ್ದು ಇಂಗ್ಲಿಷ್ ಮಾಧ್ಯಮದ ಶಾಲೆಗೆ. 1990ರ ದಶಕದ ಮಧ್ಯಭಾಗ, ಬೆಂಗಳೂರಿಗೆ ಬಂದು ಬಿದ್ದಿದ್ದೆವು, ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಆ ಶಾಲೆಯ ಸಂದರ್ಶನದಲ್ಲಿ, ಮನೆಯಲ್ಲಿಯೂ ಇಂಗ್ಲಿಷ್ ಆಡುವಿರಾ ಎಂದು ಕೇಳಿದರು. ಆಡುತ್ತೇವೆ ಎಂದೆ. ಸುಳ್ಳು ಹೇಳಿದೆ. ಸುಳ್ಳನ್ನು ನಿಜ ಮಾಡಲು ಆರು ತಿಂಗಳು ಮಗನೊಡನೆ ನನ್ನ ಹರಕು ಇಂಗ್ಲಿಷಿನಲ್ಲಿ ಮಾತನಾಡಿದೆ. ಸಂಜೆ ಅವನು ಓಡಿ ಬಂದು ಏನನ್ನಾದರೂ ಹೇಳಹೊರಟರೆ “ಟೆಲ್ ಇನ್ ಇಂಗ್ಲಿಷ್” ಎನ್ನುತ್ತಿದ್ದೆ. ಅವನು ಸುಮ್ಮನಾಗುತ್ತಿದ್ದ. ಆ ಸುಮ್ಮನಾದ ಸಂಜೆಗಳಲ್ಲಿ ಅವನು ಏನು ಹೇಳಹೊರಟಿದ್ದನೆಂದು ನನಗೆ ಇಂದಿಗೂ ಗೊತ್ತಿಲ್ಲ.

ಈಗ ಅವನ ಮಗಳಿಗೆ ಆರು ವರ್ಷ. ನಮ್ಮ ಜೊತೆಯಲ್ಲಿಯೇ ಇದ್ದಾಳೆ. ಎರಡು ವರ್ಷಗಳ ಹಿಂದೆ ಮನೆಗೆ ನಾಯಿಮರಿಯೂ ಬಂದಿತು, ಹೆಸರು ಬ್ರೂನೊ. (ಕನ್ನಡ ಮೇಷ್ಟ್ರಿಗೆ ಆ ಹೆಸರು ಕರೆಯುವಾಗಲೆಲ್ಲ ‘ಭ್ರೂಣ’ ನೆನಪಾದರೆ ತಪ್ಪು ಯಾರದು?) ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಮೊಮ್ಮಗಳು ವರಾಂಡದಲ್ಲಿ ಮನೆಯಾಟ ಆಡುತ್ತಿದ್ದಳು. ನಾನು ಪತ್ರಿಕೆಯ ಹಿಂದೆ ಅಡಗಿ ಕೇಳುತ್ತಿದ್ದೆ. ಬೊಂಬೆಗೆ ಊಟ ಮಾಡಿಸಿದ್ದು ಇಂಗ್ಲಿಷಿನಲ್ಲಿ. ಬ್ರೂನೊನನ್ನು ಮಲಗಿಸಿದ್ದು ಇಂಗ್ಲಿಷಿನಲ್ಲಿ, ಎಷ್ಟು ಮೃದುವಾದ ಇಂಗ್ಲಿಷು! ಬಳಿಕ ಅವಳ ಆಟದಲ್ಲಿ ಕೆಲಸದವಳು ಬಂದಳು, ಅಲ್ಲಿರದ ಕೆಲಸದವಳು. ಮಗು ಸೊಂಟದ ಮೇಲೆ ಕೈಯಿಟ್ಟು, ದನಿ ಎತ್ತರಿಸಿ, ಕನ್ನಡದಲ್ಲಿ ಹೇಳಿತು: “ಯಾಕೆ ಲೇಟು? ಅಲ್ಲಿ ಸರಿಯಾಗಿ ಒರೆಸು.”

ಅವಳಿಗೆ ಕನ್ನಡ ಬರುತ್ತದೆ. ಚೆನ್ನಾಗಿಯೇ ಬರುತ್ತದೆ. ಯಾರೊಡನೆ ಆಡಬೇಕಾದ ಭಾಷೆ ಅದು ಎಂಬುದನ್ನೂ ಕಲಿತಿದ್ದಾಳೆ, ನಾವು ಯಾರೂ ಕಲಿಸದೆಯೇ. ಅಲ್ಲ, ನಾವೆಲ್ಲರೂ ಕಲಿಸಿ. ಪ್ರೀತಿಗೆ ಒಂದು ಭಾಷೆ, ಅಪ್ಪಣೆಗೆ ಒಂದು ಭಾಷೆ. ಮಡಿಲಿಗೆ ಒಂದು, ಹಿತ್ತಲಿಗೆ ಒಂದು. 2008ರಲ್ಲಿ ಶಾಸ್ತ್ರೀಯ ಸ್ಥಾನಮಾನ ದೊರೆತ ಭಾಷೆ ನನ್ನದೇ ವರಾಂಡದಲ್ಲಿ ನೆಲ ಒರೆಸುತ್ತಿತ್ತು. ಜಯನಗರದ ಉದ್ಯಾನದ ಆ ತಾಯಿಯ ಮೇಲೆ ನನಗೆ ಅಷ್ಟೊಂದು ಕೋಪ ಬಂದದ್ದು ಏಕೆಂದು ಓದುಗರಿಗೆ ಈಗ ತಿಳಿದಿರಬೇಕು.

ಅಂದು ಸಂಜೆಯೇ ಮನೆಯಲ್ಲಿ ಪ್ರಸ್ತಾಪ ಮಂಡಿಸಿದೆ. ಮಗುವಿನ ಶಾಲೆಯ ಗೊಡವೆಗೆ ನಾನು ಬರುವುದಿಲ್ಲ, ನಾಯಿಯ ಮಾಧ್ಯಮವನ್ನಾದರೂ ಬದಲಾಯಿಸಿರಿ ಎಂದೆ. ಸೊಸೆ ಒಳ್ಳೆಯ ಹುಡುಗಿ, “ಅವನಿಗೆ ಕನ್‌ಫ್ಯೂಸ್ ಆಗುತ್ತೆ ಮಾವ” ಎಂದಳು. ಬೀದಿಯಲ್ಲಿ ಮಲಗುವ ಕಂದು ನಾಯಿಯನ್ನು ತೋರಿಸಿದೆ. ಹೂವಿನವಳು ಅದಕ್ಕೆ ತಮಿಳಿನಲ್ಲಿ ಅನ್ನ ಹಾಕುತ್ತಾಳೆ, ಇಸ್ತ್ರಿಯವನು ತೆಲುಗಿನಲ್ಲಿ ಬೈಯುತ್ತಾನೆ, ರಾತ್ರಿಯ ಕಾವಲುಗಾರ ನೇಪಾಳಿಯಲ್ಲಿ ಕಥೆ ಹೇಳುತ್ತಾನೆ, ನಾನು ಕನ್ನಡದಲ್ಲಿ ಬಿಸ್ಕತ್ತು ಕೊಡುತ್ತೇನೆ. ಅದಕ್ಕೆ ಯಾವ ಗೊಂದಲವೂ ಇದ್ದಂತಿಲ್ಲ. ಯಾರಾದರೂ ನಕ್ಕಾರೆಂದು ಅದು ಹೆದರಿದ್ದನ್ನೂ ಕಾಣೆ. ಮಗ ಮಾತ್ರ ಏನೂ ಹೇಳಲಿಲ್ಲ. ಊಟದ ತಟ್ಟೆಯ ಮೇಲಿನಿಂದ ಒಮ್ಮೆ ನನ್ನನ್ನು ನೋಡಿದ. ಆ ನೋಟಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಪ್ರಸ್ತಾಪ ಬಿದ್ದುಹೋಯಿತು. ನಾನು ಮತ್ತು ನನ್ನಾಕೆ ಮಾತ್ರ ಅಲ್ಪಸಂಖ್ಯಾತರಾಗಿ ಬ್ರೂನೊನೊಡನೆ ಕನ್ನಡ ಆಡುತ್ತಾ ಬಂದೆವು. ಹೀಗಿರುವಾಗ ಕಳೆದ ದೀಪಾವಳಿಯ ರಾತ್ರಿ ನಮ್ಮ ಬೀದಿಯಲ್ಲಿ ಸರಪಟಾಕಿ ಸಿಡಿಯಿತು. ಬ್ರೂನೊ ನಡುಗುತ್ತಾ ಮಂಚದ ಕೆಳಗಿನ ಮೂಲೆಗೆ ಸೇರಿಕೊಂಡ. ಮಗ ಕರೆದ, ಸೊಸೆ ಕರೆದಳು, ಮಗು ನೆಲದ ಮೇಲೆ ಹೊಟ್ಟೆಯೂರಿ ಮಲಗಿ “ಕಮ್ ಬ್ರೂನೊ, ಇಟ್ಸ್ ಓಕೆ, ಪ್ಲೀಸ್ ಕಮ್” ಎಂದು ಅಳತೊಡಗಿತು. ಅವನು ಅಲುಗಲಿಲ್ಲ. ನನ್ನಾಕೆ ಅಡಿಗೆಮನೆಯಿಂದ ಬಂದವಳು ಮಂಡಿ ಹಿಡಿದುಕೊಂಡು ನೆಲಕ್ಕೆ ಕುಳಿತು, ಮಂಚದ ಕೆಳಗೆ ಕೈಚಾಚಿ, “ಬಾರಪ್ಪ, ಬಾ ಕಂದ, ಏನಾಗಲ್ಲ, ನಾನಿದ್ದೀನಿ ಬಾ” ಎಂದಳು. ನಾಲ್ಕೈದು ಸಲ, ಅದೇ ದನಿಯಲ್ಲಿ. ನಾಯಿ ತೆವಳುತ್ತಾ ಬಂದು ಅವಳ ಮಡಿಲಿಗೆ ತಲೆಯಿಟ್ಟಿತು. ಇದು ಕನ್ನಡದ ಗೆಲುವೆಂದು ನಾನು ವಾದಿಸುವುದಿಲ್ಲ. ಅವಳ ಕೈಯಲ್ಲಿ ಅಕ್ಕಿರೊಟ್ಟಿಯ ಚೂರೊಂದು ಇತ್ತೆಂಬುದನ್ನು ಬಲ್ಲೆ.

ಮಗು ಕಣ್ಣೊರೆಸಿಕೊಂಡು ಅಜ್ಜಿಯ ಪಕ್ಕಕ್ಕೆ ಸರಿದು, ನಾಯಿಯ ಕಿವಿಯ ಬಳಿ ಬಾಯಿಟ್ಟು, ಕನ್ನಡದಲ್ಲಿ ಪಿಸುಗುಟ್ಟಿತು: “ಏನಾಗಲ್ಲ, ಏನಾಗಲ್ಲ.” ಸ್ವಲ್ಪ ಹೊತ್ತಿನ ಬಳಿಕ ನನ್ನ ಕಡೆ ತಿರುಗಿ, “ತಾತ, ಏನಾಗಲ್ಲ ಅಂದ್ರೆ ಏನು?” ಎಂದು ಕೇಳಿತು. ನಾನು ಉತ್ಸಾಹದಿಂದ, “ಏನು ಮತ್ತು ಆಗುವುದಿಲ್ಲ, ಎರಡು ಪದ ಪುಟ್ಟಿ, ನಡುವಿನ ಉಕಾರ ಲೋಪವಾಗಿ...” ಎಂದು ಆರಂಭಿಸಿದೆ. ನನ್ನಾಕೆ ನಾಯಿಯ ತಲೆ ಸವರುತ್ತಲೇ, “ಈಗ ಸಂಧಿ ಬಿಡಿಸಬೇಡಿ, ಕಿಟಕಿ ಹಾಕಿ ಬನ್ನಿ” ಎಂದಳು.